ಮಂಗಳದ ರೀಲು

ಕಡೂರಿನ ಕಾಲೇಜು ಮೇಷ್ಟ್ರು ಟ್ರಂಕ್ ಕಾಲ್ ಬುಕ್ ಮಾಡಿದರೆಂದರೆ ಅದು ಸಿನಿಮಾದ ವಿಷಯವೇ ಎಂದು ನಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಎಂಬತ್ತರ ದಶಕದ ನಡುವಿನ ಮಾತು. ನಾನು ಆಗ ಕಡೂರಿನಲ್ಲಿ ಆಪರೇಟರ್. ಲೈನು ಕೊಟ್ಟ ಮೇಲೆ ಕಿವಿಗೆ ಹಾಕಿಕೊಂಡ ಹೆಡ್‌ಫೋನನ್ನು ತೆಗೆದುಬಿಡಬೇಕೆಂಬುದು ಇಲಾಖೆಯ ನಿಯಮ. ಆ ನಿಯಮ ಬರೆದವರು ಯಾವತ್ತೂ ಮಧ್ಯಾಹ್ನವೆಲ್ಲ ಬೋರ್ಡಿನ ಮುಂದೆ ಕೂತವರಿರಲಾರರು. ನಾನು ಕೇಳುತ್ತಿದ್ದೆ, ಎಲ್ಲರೂ ಕೇಳುತ್ತಿದ್ದರು.

ಅವತ್ತು ಮೇಷ್ಟ್ರು ಬೆಂಗಳೂರಿನ ಗೆಳೆಯನ ಹತ್ತಿರ ಯುರೋಪಿನ ಯಾವನೋ ನಿರ್ದೇಶಕನ ಬಗ್ಗೆ ಮಾತಾಡುತ್ತಿದ್ದರು. ಬಹಳ ದೊಡ್ಡವನಂತೆ. ಬದುಕಿದ್ದಾಗಲೇ ಜನ ಮರೆತುಬಿಟ್ಟಿದ್ದರಂತೆ. ಸತ್ತ ಮೇಲೆ ಈಗ ಮತ್ತೆ ಹುಡುಕಿ, ಡಬ್ಬಗಳಲ್ಲಿ ಕೊಳೆಯುತ್ತಿದ್ದ ಚಿತ್ರಗಳನ್ನೆಲ್ಲ ತೊಳೆದು ವಿಡಿಯೋ ಕ್ಯಾಸೆಟ್ ಮಾಡಿದ್ದಾರಂತೆ. ಸತ್ತ ಮೇಲೆ ಹುಡುಕುವುದು ಎಲ್ಲ ದೇಶದಲ್ಲೂ ಇದೆ ಎಂದುಕೊಂಡು ನಾನು ಹೆಡ್‌ಫೋನು ತೆಗೆಯುವವಳಿದ್ದೆ. ಅಷ್ಟರಲ್ಲಿ ಮೇಷ್ಟ್ರು ಕೇಳಿದರು, "ಆ ಸರೋವರದ್ದು ಇದೆಯೇನಯ್ಯ? ಮಂಜುಗಡ್ಡೆ ಮೇಲೆ ಕುದುರೆ ಬಂಡಿ ಹೋಗೋದು?"

"ಅದೂ ಇದೆ. ಕಳಿಸ್ತೀನಿ," ಎಂದಿತು ಆ ಕಡೆಯ ದನಿ.

ಬೋರ್ಡಿನ ಮೇಲೆ ಬೇರೆ ದೀಪಗಳು ಉರಿದರೂ ಕೈ ಹೋಗಲಿಲ್ಲ. ಆ ಚಿತ್ರವನ್ನು ನಾನು ನೋಡಿದ್ದೆ. ಪ್ರಪಂಚ ಮರೆತಿತ್ತೋ ಏನೋ, ನಾನು ಮರೆತಿರಲಿಲ್ಲ. ಅಜ್ಜಂಪುರದ ಮಠದಲ್ಲಿ, ಒಂದು ಶ್ರಾವಣದ ಭಾನುವಾರ ಅದನ್ನು ನೋಡಿ, ಅದನ್ನು ನಂಬಿ ನನ್ನ ಬಾಳನ್ನು ಒಂದು ಕಡೆಗೆ ತಿರುಗಿಸಿಕೊಂಡಿದ್ದೆ.

ಅದಕ್ಕೆ ಕೆಲವು ವರ್ಷ ಮೊದಲಿನಿಂದಲೂ ನಾನು ಅಜ್ಜಂಪುರದಲ್ಲೇ ಕೆಲಸಕ್ಕಿದ್ದೆ. ಪೋಸ್ಟಾಫೀಸಿನ ಪಕ್ಕದ ಕೋಣೆಯಲ್ಲಿ ಒಂದು ಪುಟ್ಟ ಬೋರ್ಡು, ಊರಿನ ಮಂಡಿಗಳಿಗೆ, ರೈಸ್ ಮಿಲ್ಲಿಗೆ, ಡಾಕ್ಟರಿಗೆ ಇದ್ದ ಲೈನುಗಳು. ನನ್ನ ಗಂಡ ಈರುಳ್ಳಿ ಮಂಡಿಯಲ್ಲಿದ್ದರು. ಕೆಲಸವಿಲ್ಲದಾಗ ಮಂಡಿಯಿಂದ ಫೋನೆತ್ತುವರು. ನಾನು "ನಂಬರ್ ಪ್ಲೀಸ್" ಎಂದರೆ, "ನಂಬರ್ ಬ್ಯಾಡ, ನೀನೇ ಸಾಕು. ಏನು ಸಾರು ಇವತ್ತು?" ಎನ್ನುವರು. ನಾನು ಬೈದು ಲೈನು ಕಿತ್ತು ಹಾಕುತ್ತಿದ್ದೆ. ಮದುವೆಯಾದ ಮೇಲೆ ನಾವು ಜಗಳವಾಡಿದ್ದು ಇಂಥವಕ್ಕೇ.

ಒಂದು ಈರುಳ್ಳಿ ಸುಗ್ಗಿಯಲ್ಲಿ ಲೋಡಿನ ಜೊತೆ ಮದರಾಸಿಗೆ ಹೋದರು. "ದೀಪಾವಳಿಗೆ ಬತ್ತೀನಿ ಕಣೇ," ಎಂದು ಲಾರಿ ಹತ್ತಿದರು. ಲಾರಿ ಬಂತು, ಅವರು ಬರಲಿಲ್ಲ. ಮಾರ್ಕೆಟ್ಟಿನ ಹತ್ತಿರ ಟೀ ಕುಡಿದು ಬರುತ್ತೇನೆ ಎಂದು ಇಳಿದವರು ಮತ್ತೆ ಕಾಣಲಿಲ್ಲ ಎಂದ ಡ್ರೈವರು. ಮೈದುನ ಹೋಗಿ ಆಸ್ಪತ್ರೆ, ಪೊಲೀಸು, ಹೋಟೆಲು ಎಲ್ಲ ತಿರುಗಿ ಬಂದ. ಸತ್ತ ಸುದ್ದಿಯೂ ಇಲ್ಲ, ಇರುವ ಸುದ್ದಿಯೂ ಇಲ್ಲ. ಊರಿನವರು ತಮಗೆ ತೋಚಿದ ಕಥೆ ಕಟ್ಟಿದರು. ಒಬ್ಬರ ಕಥೆಯಲ್ಲಿ ಅವರಿಗೆ ಅಲ್ಲೊಂದು ಸಂಸಾರವಿತ್ತು, ಇನ್ನೊಬ್ಬರ ಕಥೆಯಲ್ಲಿ ಸಮುದ್ರಕ್ಕೆ ಇಳಿದಿದ್ದರು. ಮದರಾಸಿನ ಕಾಲ್ ಬಂದಾಗಲೆಲ್ಲ ನನ್ನ ಬಾಯಿ ಒಣಗುತ್ತಿತ್ತು. ಅದು ಯಾವಾಗಲೂ ಈರುಳ್ಳಿ ರೇಟಿನ ಕಾಲ್ ಆಗಿರುತ್ತಿತ್ತು.

ಹೀಗೆ ಮೂರು ಸುಗ್ಗಿ ಕಳೆಯಿತು. ನಮ್ಮಲ್ಲಿ ಉಡಿಕೆ ಎಂಬ ಪದ್ಧತಿ ಇದೆ. ಗಂಡನಿಲ್ಲದವಳಿಗೆ ಇನ್ನೊಬ್ಬ, ನಾಲ್ಕು ಜನ ಹಿರಿಯರ ಎದುರು, ಸೀರೆ ಉಡಿಸಿ ಮನೆಗೆ ಕರೆದುಕೊಂಡು ಹೋಗುವುದು. ವಾಲಗವಿಲ್ಲ, ಚಪ್ಪರವಿಲ್ಲ, ಆದರೆ ಮದುವೆಯೇ. ಸಿಂಗಟಗೆರೆಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ ಒಬ್ಬರು, ಹೆಂಡತಿ ತೀರಿಹೋಗಿದ್ದವರು, ನನ್ನನ್ನು ಕೇಳಿಕೊಂಡು ಬಂದರು. ಅವರ ಹುಬ್ಬಿನಲ್ಲಿ, ಕಿವಿಯ ಸುತ್ತ ಯಾವಾಗಲೂ ರಾಗಿ ಹಿಟ್ಟು. ಮಾತು ಕಡಿಮೆ. ಬಂದಾಗ ಅವ್ವನ ಕೈಗೆ ತೆಂಗಿನಕಾಯಿ ಕೊಟ್ಟು, ನನ್ನ ಕಡೆ ನೋಡದೆ ಜಗಲಿಯ ತುದಿಯಲ್ಲಿ ಕೂರುವರು.

"ಹೂಂ ಅನ್ನೇ ಪಾರ್ವತಿ," ಎಂದಳು ಅವ್ವ. "ನಾನಿರೋಗಂಟ ನಾನು. ಆಮೇಲೆ ನಿನಗ್ಯಾರು?"

"ಅವರು ಬಂದ್ರೆ?"

"ಬರೋರು ಇಷ್ಟೊತ್ತಿಗೆ ಬಂದಿರೋರು ಕಣೇ."

ನನಗೂ ಹಾಗೆಯೇ ಅನ್ನಿಸಿತ್ತು. ಮುಚ್ಚಿಡುವುದೇನಿದೆ, ನನಗೆ ಆಗ ಮೂವತ್ತಾಗಿರಲಿಲ್ಲ. ಮಗು ಬೇಕಿತ್ತು. ಹಿಟ್ಟು ಮೆತ್ತಿದ ಆ ಕಿವಿಗಳನ್ನು ನನ್ನ ಸೆರಗಿನಿಂದ ಒರೆಸಬೇಕು ಎಂದು ಒಂದು ಸಲ ಅನ್ನಿಸಿ ನಾಚಿಕೆಯಾಗಿತ್ತು. ಶ್ರಾವಣ ಮುಗಿದ ಮೇಲೆ ಹೇಳುತ್ತೇನೆ ಎಂದಿದ್ದೆ. ಹೂಂ ಎನ್ನುವುದೆಂದೇ ಮನಸ್ಸು ಗಟ್ಟಿಮಾಡಿಕೊಂಡಿದ್ದೆ. ಅವ್ವ ಸೀರೆಯ ಬಣ್ಣದ ಮಾತನ್ನೂ ತೆಗೆದಿದ್ದಳು.

ಆ ಶ್ರಾವಣ ಬಿಸಿಲೇ ಕಾಣಲಿಲ್ಲ. ಜೋರು ಮಳೆಯೂ ಅಲ್ಲ, ಬೆಳಗಿನಿಂದ ಸಂಜೆಯವರೆಗೆ ಸೋನೆ. ಹೊಲದಲ್ಲಿ ಈರುಳ್ಳಿ ಕೊಳೆಯುತ್ತದೆಂದು ಎಲ್ಲರ ಮುಖ ಇಳಿದಿತ್ತು. ಒಗೆದ ಬಟ್ಟೆ ಒಣಗುತ್ತಿರಲಿಲ್ಲ. ಮಠದಲ್ಲಿ ತಿಂಗಳಿಡೀ ಪುರಾಣ. ಒಬ್ಬರು ರಾಗವಾಗಿ ಓದುವುದು, ಮಠದ ಅಯ್ಯನವರು ಅರ್ಥ ಹೇಳುವುದು. ಅಯ್ಯನವರು ಅರ್ಥ ಹೇಳಿದರೆ ಹೆಂಗಸರು ಸೊಪ್ಪು ಬಿಡಿಸುವ ಕೈ ನಿಲ್ಲಿಸಿ ಕೇಳುತ್ತಿದ್ದರು.

ಆಗಲೇ ಕಾಲೇಜು ಮೇಷ್ಟ್ರು ಕಡೂರಿನಲ್ಲಿ ಫಿಲಂ ಸೊಸೈಟಿ ಎಂದು ಶುರುಮಾಡಿದ್ದರು. ತೆಳ್ಳಗೆ, ಜುಬ್ಬ ಹಾಕಿಕೊಂಡು ಊರೂರು ತಿರುಗುವರು. ಒಳ್ಳೆಯ ಸಿನಿಮಾ ತೋರಿಸಿದರೆ ಜನ ಸುಧಾರಿಸುತ್ತಾರೆ ಎಂದು ಆ ಕಾಲದಲ್ಲಿ ಕೆಲವರು ನಿಜವಾಗಿ ನಂಬಿದ್ದರು. ಎಲ್ಲಿಂದಲೋ ಪ್ರೊಜೆಕ್ಟರ್ ಎರವಲು ತಂದು, ರೈಲಿನಲ್ಲಿ ಬಂದ ತಗಡಿನ ಡಬ್ಬಗಳನ್ನು ಹೊತ್ತುಕೊಂಡು ಮೊದಲು ತರೀಕೆರೆಯಲ್ಲಿ ತೋರಿಸಿದರು. ನಮ್ಮ ಅಯ್ಯನವರು ಏನೋ ಕೆಲಸಕ್ಕೆ ಹೋಗಿದ್ದವರು ಅಲ್ಲಿ ಕೂತು ನೋಡಿದರಂತೆ. ಭಾಷೆ ಯಾರಿಗೂ ಅರ್ಥವಾಗದೆ ಜನವೆಲ್ಲ ನಡುವೆಯೇ ಎದ್ದುಹೋದರಂತೆ, ಕೊನೆಗೆ ಉಳಿದದ್ದು ಅಯ್ಯನವರೊಬ್ಬರೇ. ಅವರು ಮೇಷ್ಟ್ರನ್ನು ಕರೆದು, "ಇದನ್ನ ನಮ್ಮ ಮಠಕ್ಕೆ ತಗೊಂಬನ್ನಿ. ಅರ್ಥ ನಾನು ಹೇಳ್ತೀನಿ," ಎಂದರಂತೆ.

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಊರೇ ಮಠದಲ್ಲಿ ಸೇರಿತು. ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿ ಕತ್ತಲು ಮಾಡಿದ್ದರು. ಒದ್ದೆ ಕಂಬಳಿಯ ವಾಸನೆ, ಅದರ ಜೊತೆ ವಿಭೂತಿಯದು. ಎರಡು ಬಿಳಿ ಪಂಚೆಗಳನ್ನು ಸೇರಿಸಿ ಹೊಲಿದ ಪರದೆ. ಹೊಲಿಗೆ ಸರಿಯಾಗಿ ನಾಯಕಿಯ ಮುಖದ ನಡುವೆ ಬರುತ್ತಿತ್ತು. ಗಂಡಸರ ಕಡೆ ಸಿಂಗಟಗೆರೆಯ ಗಿರಣಿಯವರೂ ಬಂದು ಕೂತಿದ್ದರು. ಅವತ್ತು ಮುಖ ತೊಳೆದು ಬಂದಿದ್ದರು.

ಕಥೆ ಸುಲಭ. ದೊಡ್ಡದೊಂದು ಸರೋವರ, ಚಳಿಗೆ ಹೆಪ್ಪುಗಟ್ಟಿ ಕಲ್ಲಾಗಿದೆ. ದಡದಲ್ಲಿ ಗಂಡ ಹೆಂಡತಿ. ಗಂಡ ಚಕ್ರವಿಲ್ಲದ ಬಂಡಿಗೆ ಕುದುರೆ ಕಟ್ಟಿ, ಮಂಜುಗಡ್ಡೆಯ ಮೇಲೆ ಆಚೆ ದಡದ ಪೇಟೆಗೆ ಹೋಗುತ್ತಾನೆ. ಹೋಗುತ್ತ ಹೋಗುತ್ತ ಚುಕ್ಕಿಯಾಗಿ ಕಾಣದಾಗುತ್ತಾನೆ. ಬರುವುದಿಲ್ಲ. ಅವಳು ದಿನಾ ದಡಕ್ಕೆ ಹೋಗಿ ನಿಲ್ಲುತ್ತಾಳೆ. ಊರಿನವರು ಬಂದು ಏನೇನೋ ಹೇಳುತ್ತಾರೆ, ತಲೆಯಾಡಿಸುತ್ತಾಳೆ.

"ನೋಡ್ರಪ್ಪ, ಊರಿನೋರು ಹೇಳ್ತಾವ್ರೆ, ಇನ್ನು ಬರಲ್ಲ ಅಂತ," ಎಂದು ಅಯ್ಯನವರು ಪುರಾಣದ ದನಿಯಲ್ಲೇ ಹೇಳುತ್ತಿದ್ದರು. "ಆ ತಾಯಿ ಅಂತಾಳೆ, ಬರಲ್ಲ ಅನ್ನೋಕೆ ನೀವ್ಯಾರು? ನನ್ನ ಕಣ್ಣು ನೋಡ್ಲಿ, ಆಮೇಲೆ ನಂಬ್ತೀನಿ."

ಹೆಂಗಸರ ಕಡೆ ಎಲ್ಲರೂ ಒಂದು ಸಲ ನನ್ನ ಕಡೆ ತಿರುಗಿದರು. ನಾನು ಪರದೆಯಿಂದ ಕಣ್ಣು ತೆಗೆಯಲಿಲ್ಲ.

ರೀಲು ಬದಲಾಯಿತು. ಅವಳು ಖಾಲಿ ತಟ್ಟೆಯ ಮುಂದೆ ಕೂತಿದ್ದಳು. ಗಂಡನಿಗೆಂದು ತಟ್ಟೆ ಇಟ್ಟುಕೊಂಡು ಕಾಯುತ್ತಿದ್ದಾಳೆ ಎಂದರು ಅಯ್ಯನವರು. ಬೇಸಿಗೆ ಬಂತು, ಮಂಜು ಕರಗಿತು, ನೀರಿನಿಂದ ಕುದುರೆಯನ್ನೂ ಒಬ್ಬ ಮನುಷ್ಯನನ್ನೂ ಎಳೆದರು. ಮನುಷ್ಯನ ಮುಖ ಕಾಣಲಿಲ್ಲ. ಅವಳು ಬಂದು ಅವನ ಬೂಟಿನ ದಾರ ಬಿಚ್ಚಿ, ಕಾಲು ಒರೆಸಿ, ಮಣ್ಣು ಮಾಡುವವರೆಗೂ ನಿಂತಳು. ಅಯ್ಯನವರು ಅವಸರವಿಲ್ಲದೆ ಹೇಳಿದರು, "ಯಾರೋ ಪರದೇಶಿ. ದಿಕ್ಕಿಲ್ಲದೋನು. ತನ್ನ ಗಂಡಂಗೆ ಎಲ್ಲೋ ಯಾರೋ ಹಿಂಗೇ ಮಾಡ್ಲಿ ಅಂತ ಈ ತಾಯಿ ಮಾಡ್ತಾವ್ಳೆ."

ಆಮೇಲಿನ ರೀಲಿನಲ್ಲಿ ಗಂಡ ಬಂದ. ಬಾಗಿಲು ತೆರೆಯಿತು, ಅಷ್ಟೇ. ಒಳಗೆ ಬಂದು ಬೆಂಕಿಯ ಹತ್ತಿರ ಕೂತು ಬೂಟು ಕಳಚಿದ. ಅವಳು ತಟ್ಟೆಗೆ ಬಡಿಸಿದಳು. ತಿಂದ. ಒಂದು ಮಾತಿಲ್ಲ, ಅಪ್ಪಿಕೊಳ್ಳುವುದಿಲ್ಲ. ಅವನು ತಿನ್ನುವುದನ್ನು ಅವಳು ನೋಡುತ್ತ ಕೂತಳು. ಬಹಳ ಹೊತ್ತು ಅದೇ ಇತ್ತು. ಕೊನೆಗೆ ಪರದೆ ಬೆಳ್ಳಗಾಯಿತು, ಅಯ್ಯನವರು ಮಂಗಳ ಹಾಡಿದರು, ಜನ ಕೈಮುಗಿದರು. ಸಿನಿಮಾಕ್ಕೆ ಕೈಮುಗಿದ ಊರು ಇನ್ನೊಂದು ಇದೆಯೋ ಇಲ್ಲವೋ ನನಗೆ ತಿಳಿಯದು.

ಹೊರಗೆ ಸೋನೆಯಲ್ಲಿ ಸಿಂಗಟಗೆರೆಯವರು ಕೊಡೆ ಹಿಡಿದು ನಿಂತಿದ್ದರು. ನಾನೇ ಹತ್ತಿರ ಹೋದೆ. ಅದುವರೆಗೆ ಅವರ ಜೊತೆ ನೇರ ಮಾತಾಡಿರಲಿಲ್ಲ.

"ನನ್ನ ಕೈಲಿ ಆಗಲ್ಲ," ಎಂದೆ.

ಅವರು ಕೊಡೆಯನ್ನು ನನ್ನ ಕಡೆ ಸರಿಸಿದರು. "ನೀವು ಹಿಂಗೇ ಹೇಳ್ತೀರ ಅಂತ ಅಲ್ಲೇ ಗೊತ್ತಾಯ್ತು ಕಣ್ರೀ. ನನಗೂ ಹಂಗೇ ಅನ್ನಿಸ್ತು. ಬರ್ತಾರೆ ಅಂತ." ಕೊಡೆಯ ಹಿಡಿ ತಿರುಗಿಸುತ್ತ, "ಬಂದೋರ ಮುಂದೆ ನಾನು ಹೆಂಗೆ ನಿಂತ್ಕಳ್ಳಿ?" ಎಂದರು.

ಅವರು ಒಂದು ಮಾತು ಜೋರು ಮಾಡಿದ್ದರೆ, ಸಿನಿಮಾ ನೋಡಿ ಯಾರಾದರೂ ಬಾಳು ತೀರ್ಮಾನ ಮಾಡುತ್ತಾರಾ ಎಂದು ಬೈದಿದ್ದರೆ, ನಾನು ಏನು ಮಾಡುತ್ತಿದ್ದೆನೋ. ಬೈಯಲಿಲ್ಲ. ಆ ಒಳ್ಳೆಯತನದ ಮೇಲೆ ನನಗೆ ಈಗಲೂ ಸಿಟ್ಟಿದೆ. ಮುಂದಿನ ವರ್ಷ ಅವರು ಚೌಳಹಿರಿಯೂರಿನ ಹೆಣ್ಣನ್ನು ಕರೆದುಕೊಂಡು ಬಂದರು. ಅವ್ವ ನನ್ನ ಜೊತೆ ಬಹಳ ದಿನ ಸರಿಯಾಗಿ ಮಾತಾಡಲಿಲ್ಲ. ಅವಳು ತೀರಿಕೊಂಡ ಮೇಲೆ ನಾನು ಕಡೂರಿಗೆ ವರ್ಗ ಮಾಡಿಸಿಕೊಂಡೆ. ಅಲ್ಲಿಂದ ಮದರಾಸಿನ ಲೈನು ಬೇಗ ಸಿಗುತ್ತಿತ್ತು.

ಸಿನಿಮಾಕ್ಕೂ ನನ್ನ ಗಂಡನಿಗೂ ಏನು ಸಂಬಂಧ ಎಂದು ಕೇಳಬಹುದು. ಯಾವ ಸಂಬಂಧವೂ ಇಲ್ಲ. ಆದರೆ ನಂಬುವುದಕ್ಕೆ ನನ್ನ ಕೈಗೆ ಬೇರೆ ಏನೂ ಸಿಕ್ಕಿರಲಿಲ್ಲ. ದೂರದ ದೇಶದ ದೊಡ್ಡ ಮನುಷ್ಯ, ನನ್ನನ್ನು ನೋಡಿಯೇ ಇಲ್ಲದವನು, ನನ್ನ ಕಥೆ ಹೀಗೇ ಮುಗಿಯುತ್ತದೆ ಎಂದು ತೋರಿಸಿದ್ದ. ಸೋತುಹೋದ ಸಂಜೆಗಳಲ್ಲಿ ಆ ಬೂಟು ಕಳಚುವುದನ್ನು, ತಟ್ಟೆಗೆ ಬಡಿಸುವುದನ್ನು ಮತ್ತೆ ಮತ್ತೆ ನೆನೆಸಿಕೊಂಡು ಮಲಗುತ್ತಿದ್ದೆ. ಹಾಗೆ ಹತ್ತು ವರ್ಷ ಕಳೆಯಿತು.

ಮೇಷ್ಟ್ರಿಗೆ ಕ್ಯಾಸೆಟ್ಟುಗಳು ಬಂದವೆಂದು ಅವರೇ ಫೋನಿನಲ್ಲಿ ಇನ್ನೊಬ್ಬರಿಗೆ ಹೇಳಿದಾಗ ನಾನು ನಡುವೆ ಬಾಯಿ ಹಾಕಿಬಿಟ್ಟೆ. "ಮೇಷ್ಟ್ರೆ, ನಾನೂ ನೋಡೋಕೆ ಬರಬಹುದಾ?"

"ಯಾರದು, ಪಾರ್ವತಮ್ಮನಾ? ಬನ್ನಿ ಬನ್ನಿ. ಆದ್ರೆ ನಿಮಗೆ ಹೆಂಗೆ ಗೊತ್ತಾಯ್ತು?"

"ಕಿವಿ ಇದೆಯಲ್ಲ ಸಾರ್."

ಕಾಲೇಜಿನ ಒಂದು ಕೋಣೆಯಲ್ಲಿ ಟಿವಿ ಇಟ್ಟು ಭಾನುವಾರ ಬೆಳಿಗ್ಗೆ ತೋರಿಸುತ್ತಿದ್ದರು. ಕೆಳಗೆ ಇಂಗ್ಲಿಷ್ ಅಕ್ಷರ ಬರುತ್ತಿತ್ತು, ಮೇಷ್ಟ್ರು ಕನ್ನಡದಲ್ಲಿ ಹೇಳುತ್ತಿದ್ದರು. ಅವರಿಗೆ ಕೂದಲು ನೆರೆತಿತ್ತು. ಜನ ಸುಧಾರಿಸುವ ಮಾತು ಬಿಟ್ಟಿದ್ದರು. ಮೊದಲ ವಾರದ ಚಿತ್ರದಲ್ಲಿ ಒಬ್ಬ ಮುದುಕ ರೈಲು ನಿಲ್ದಾಣದಲ್ಲಿ ಮಗಳಿಗೆ ಕಾಯುತ್ತಾನೆ, ಅವಳು ಬರುವುದಿಲ್ಲ. ಎರಡನೆಯದರಲ್ಲಿ ಯುದ್ಧಕ್ಕೆ ಹೋದ ಅಣ್ಣನ ಕೋಟು ಮಾತ್ರ ಬರುತ್ತದೆ. ಮೂರನೆಯದೂ ಹೀಗೇ. ಈ ಮನುಷ್ಯ ಯಾರನ್ನೂ ಮನೆ ತಲುಪಿಸುವ ಪೈಕಿ ಅಲ್ಲ ಎಂದು ನನಗೆ ನಗು ಬಂತು. ಪಕ್ಕದಲ್ಲಿ ಕೂರುತ್ತಿದ್ದ ಮೇಷ್ಟ್ರ ಹೆಂಡತಿಗೆ ಹೇಳಿದೆ, "ಸರೋವರದ್ದು ನೋಡ್ತಾ ಇರಿ. ಅದರಲ್ಲಿ ಒಬ್ಬ ಬರ್ತಾನೆ."

ಸರೋವರದ್ದು ಬಂದ ದಿನ ನಾನು ತಲೆಗೆ ಹೂ ಮುಡಿದು ಹೋಗಿದ್ದೆ. ಅದನ್ನು ಬರೆಯಲು ಈಗಲೂ ನಾಚಿಕೆ.

ಕುದುರೆ ಹೋಯಿತು, ಚುಕ್ಕಿಯಾಯಿತು. ಅವಳು ಕಾದಳು. ಹೊಲಿಗೆಯಿಲ್ಲದ ಅವಳ ಮುಖವನ್ನು ನಾನು ಮೊದಲ ಸಲ ಪೂರ್ತಿ ನೋಡಿದೆ. ನನಗಿಂತ ಚಿಕ್ಕವಳು. ಆಮೇಲೆ ಬಾಗಿಲು ತೆರೆದು ಅವನು ಬಂದ, ಬೂಟು ಕಳಚಿದ, ತಿಂದ. ಮೇಷ್ಟ್ರ ಹೆಂಡತಿಯ ತೋಳು ಹಿಡಿದುಕೊಂಡು, "ಬಂದ ನೋಡಿ," ಎಂದೆ. ಎದ್ದು ನಿಲ್ಲಬೇಕೆನ್ನಿಸಿತು. ಆದರೆ ಚಿತ್ರ ಮುಗಿಯಲಿಲ್ಲ. ಅವನು ತಿನ್ನುತ್ತಿದ್ದ ಜಾಗದಲ್ಲಿ ಅವನಿರಲಿಲ್ಲ. ಅವಳೊಬ್ಬಳೇ ಖಾಲಿ ತಟ್ಟೆಯ ಮುಂದೆ ಕೂತಿದ್ದಳು. "ಕನಸು," ಎಂದರು ಮೇಷ್ಟ್ರು ಮೆಲ್ಲಗೆ. ಮಂಜು ಕರಗಿತು. ಅವಳು ಬೂಟಿನ ದಾರ ಬಿಚ್ಚಿದಳು. ಅದೇ ಬೂಟು. ಮಣ್ಣು ಮುಚ್ಚಿದರು, ಅವಳು ಮನೆಗೆ ಬಂದು ಬಾಗಿಲು ಹಾಕಿಕೊಂಡಳು. ಟಿವಿ ಕಪ್ಪಾಯಿತು.

"ಮೇಷ್ಟ್ರೆ, ಕ್ಯಾಸೆಟ್ಟು ತಪ್ಪಾಗಿದೆ," ಎಂದೆ.

"ಯಾಕೆ?"

"ಅವನು ಬರೋದು ಕೊನೇಲಿ. ನಾನು ಅಜ್ಜಂಪುರದಲ್ಲಿ ನೋಡಿದ್ದೀನಲ್ಲ."

ಮೇಷ್ಟ್ರು ನನ್ನನ್ನೇ ನೋಡಿದರು. ಆಮೇಲೆ ಕನ್ನಡಕ ತೆಗೆದು ಜುಬ್ಬದ ತುದಿಯಲ್ಲಿ ಒರೆಸತೊಡಗಿದರು. "ಅಯ್ಯೋ ಪಾರ್ವತಮ್ಮ, ಇಷ್ಟು ವರ್ಷ ನೀವು ಅದೇ ಸಿನಿಮಾ ಅಂದ್ಕೊಂಡಿದ್ರಾ? ಅಲ್ಲಿ ಕೊನೇ ಎರಡು ರೀಲು ಹಿಂದೆ ಮುಂದೆ ಹಾಕಿದ್ದು. ನಾನು ಒಪ್ಪಿರ್ಲಿಲ್ಲ. ಅಯ್ಯನವರು, ಹಂಗೆ ಹಾಕೋದಾದ್ರೆ ಮಠದ ಬಾಗಿಲು ತೆಗೀತೀನಿ, ಇಲ್ದಿದ್ರೆ ಇಲ್ಲ ಅಂದ್ಬಿಟ್ರು."

ಮಾರನೆಯ ದಿನ ರಜೆ ಹಾಕಿ ಅಜ್ಜಂಪುರದ ರೈಲು ಹತ್ತಿದೆ. ಏನೇನು ಬೈಯಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡೆ. ಅಯ್ಯನವರು ಮಠದ ಜಗಲಿಯಲ್ಲಿ ಕಂಬಕ್ಕೆ ಒರಗಿ ಕೂತಿದ್ದರು. ಕಣ್ಣಿಗೆ ಪೊರೆ ಬಂದಿತ್ತು.

"ಯಾರವ್ವ?"

"ಟೆಲಿಫೋನ್ ಪಾರ್ವತಿ, ಅಯ್ಯನೋರೆ. ಆ ಸಿನಿಮಾದ ರೀಲು ನೀವು ಹಿಂದೆ ಮುಂದೆ ಮಾಡ್ಸಿದ್ರಂತೆ."

ಅವರಿಗೆ ನೆನಪಾಗಲು ಹೊತ್ತು ಹಿಡಿಯಲಿಲ್ಲ. "ಹೂಂ ಕಣವ್ವ. ಪುರಾಣಾನ ಸಾವಿನ ಅಧ್ಯಾಯಕ್ಕೆ ನಿಲ್ಸಬಾರ್ದು. ಮುಂದೆ ಒಂದು ಮದುವೆನೋ, ಮಗು ಹುಟ್ಟೋದೋ ಬರೋಗಂಟ ಓದ್ಬೇಕು. ಇಲ್ದಿದ್ರೆ ಕೇಳಿದೋರು ಸಾವನ್ನ ಮನೆಗೆ ಹೊತ್ಕೊಂಡು ಹೋಗ್ತಾರೆ. ಆ ಪುಣ್ಯಾತ್ಮ ಸಾವಿನ ಮೇಲೇ ಮುಗಿಸ್ಬಿಟ್ಟಿದ್ದ. ಮುಂದೆ ಏನೂ ಇರ್ಲಿಲ್ಲ. ಅದಕ್ಕೇ ಹಿಂದಿಂದು ಮುಂದಕ್ಕೆ ತಂದ್ವಿ."

"ನಾನು ಮಂಗಳಾನ ಮನೆಗೆ ಹೊತ್ಕೊಂಡು ಹೋದೆ ಅಯ್ಯನೋರೆ."

ಅವರು ನನ್ನ ದನಿ ಬಂದ ಕಡೆಗೆ ತಿರುಗಿದರು. ಆಮೇಲೆ, "ಸಿಂಗಟಗೆರೆಯೋರ್ನ ಬ್ಯಾಡ ಅಂದಿದ್ದು ಅದಕ್ಕೇನಾ?" ಎಂದರು.

"ಅದಕ್ಕೇ."

"ಗೊತ್ತಿರ್ಲಿಲ್ಲ ಕಣವ್ವ."

"ಗೊತ್ತಿದ್ರೆ?"

ಅಯ್ಯನವರ ಬಿಳಿಯಾದ ಕಣ್ಣುಗಳಲ್ಲಿ ನೀರು ತುಂಬಿತು. "ಸುಳ್ಳು ಯಾಕೆ ಹೇಳ್ಲಿ. ಗೊತ್ತಿದ್ರೂ ಹಂಗೇ ಮಾಡ್ತಿದ್ದೆ. ಊರೆಲ್ಲ ಕೂತಿತ್ತು."

ಕಟ್ಟಿಕೊಂಡು ಬಂದಿದ್ದ ಬೈಗುಳ ಒಂದೂ ಬಾಯಿಗೆ ಬರಲಿಲ್ಲ. ಅಷ್ಟು ವಯಸ್ಸಾದವರ ಮುಂದೆ, ನಿಜ ಹೇಳಿದವರ ಮುಂದೆ ಏನು ಹೇಳುವುದು. ಒಳಗೆ ಹೋಗಿ ಪುರಾಣ ಕೇಳಲು ಕೂರುತ್ತಿದ್ದ ಜಾಗದಲ್ಲಿ ಕೂತೆ. ಅವರು ಗೋಡೆ ಹಿಡಿದುಕೊಂಡು ಹಿಂದೆಯೇ ಬಂದರು.

"ಕೊನೇ ರೀಲಿನ ಅರ್ಥ ಹೇಳಿ," ಎಂದೆ. "ಇರೋ ಹಂಗೇ ಹೇಳಿ."

ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಪೀಠದ ಪಕ್ಕ ಕೂತು, ಗಂಟಲು ಸರಿಮಾಡಿಕೊಂಡು, ನನ್ನೊಬ್ಬಳಿಗೇ ಹೇಳಿದರು. ತಟ್ಟೆ ಖಾಲಿ ಇತ್ತು ಎಂದರು. ಅವಳು ಕಂಡದ್ದು ಕನಸು ಎಂದರು. ಮಂಜು ಕರಗಿದ್ದು, ಕುದುರೆಯನ್ನು ಎಳೆದದ್ದು, ಎಲ್ಲ ಒಂದೊಂದಾಗಿ ಹೇಳಿದರು. ಬೂಟಿನ ದಾರದ ಹತ್ತಿರ ದನಿ ಒಡೆಯಿತು.

"ಪರದೇಶಿ ಅಂದಿದ್ರಿ," ಎಂದೆ.

"ಪರದೇಶಿ ಅಲ್ಲ ಕಣವ್ವ. ಅದು ಅವನೇ."

ಆಗ ನಾನು ಅತ್ತೆ. ಲಾರಿ ಬಂದು ಅವರು ಬಾರದ ದಿನವೂ ಅತ್ತಿರಲಿಲ್ಲ, ಯಾರಿಗೆಂದು ಅಳುವುದು ಎಂದು ಗೊತ್ತಾಗಿರಲಿಲ್ಲ. ಅಯ್ಯನವರು ಸ್ವಲ್ಪ ಹೊತ್ತು ಬಿಟ್ಟು, ಅಭ್ಯಾಸಬಲದಿಂದ ಮಂಗಳ ಎತ್ತಿಕೊಂಡರು. ಬೇಡ ಎಂದೆ. ಅವರು ನಿಲ್ಲಿಸಿದರು.

ಈಗ ನಾನು ಕಾಯುತ್ತಿಲ್ಲ. ಪಾರ್ವತಿಗೆ ಕೊನೆಗೂ ಸಮಾಧಾನವಾಯಿತು ಎಂದು ಜನ ಹೇಳುತ್ತಾರೆ. ಸಮಾಧಾನ ಆಗಿಲ್ಲ. ಸಂಜೆ ಡ್ಯೂಟಿ ಮುಗಿಸಿ ಬಂದು, ಬಾಗಿಲು ತೆರೆದಿಡಬೇಕೋ ಹಾಕಿಕೊಳ್ಳಬೇಕೋ ತಿಳಿಯದೆ ಹೊಸ್ತಿಲಲ್ಲೇ ನಿಂತಿರುತ್ತೇನೆ.